ಅಜ್ಜನ ಕ್ಲಚ್ ಪ್ಲೇಟು

ಕಾರಖಾನೆಯಲ್ಲಿ ದುಡಿಯುವ ಗಂಡಸು ಸಂಜೆ ಮನೆಗೆ ಬಂದರೆ ಹೆಂಡತಿಗೆ ಗಂಡ ಸಿಗುತ್ತಾನೆ. ಅವನ ಬೆನ್ನ ಹಿಂದೆ ಕಾರಖಾನೆಯೂ ಬಂದರೆ ಗಂಡನೂ ಸಿಗುವುದಿಲ್ಲ, ಮನೆಯೂ ಸಿಗುವುದಿಲ್ಲ. ಇದು ನನ್ನ ಅನುಭವದ ಮಾತು. ನಿಮ್ಮಜ್ಜನ ಎದುರಿಗೆ ಹೀಗೆ ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಹಳ್ಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನೆಲ ನೋಡುತ್ತಿದ್ದೆ. ಮದುವೆಯಾದ ಮೇಲೂ ಅದನ್ನೇ ಮುಂದುವರಿಸಿದೆ. ಈಗ ಅವರಿಲ್ಲ, ಮೊಮ್ಮಕ್ಕಳು ನೀವು ಕೇಳುತ್ತೀರಿ, ಕೈಯಲ್ಲಿ ಪೆನ್ನಿದೆ. ಇನ್ನು ಬಿಡುವುದಿಲ್ಲ.

ಆಗ ನಾವು ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿದ್ದೆವು. ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ನಿಮ್ಮಜ್ಜ ಕಾರಖಾನೆಯಲ್ಲಿ ಟರ್ನರ್, ಲೇತ್ ಮಷೀನಿನ ಮೇಲೆ ಕಬ್ಬಿಣ ಕಡೆಯುವವರು. ಧಾರವಾಡದ ವಕೀಲರೊಬ್ಬರ ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸಿಕೊಂಡು ನಿಂತಿದ್ದ ವಿಲಾಯತಿ ಕಾರೊಂದನ್ನು ಅವರು ಕೊಂಡುತಂದರು. ತಂದರು ಎಂದರೆ ಎರಡು ಜೋಡಿ ಎತ್ತು ಎಳೆದುತಂದವು. ಇವರು ಒಳಗೆ ಕೂತು ಸ್ಟೇರಿಂಗು ತಿರುವುತ್ತ ಬಂದರು. ಪಕ್ಕದ ಮನೆಯ ಫಾತಿಮಾಬಿ ಬಾಗಿಲಲ್ಲಿ ನಿಂತು, "ಅಕ್ಕಾರ, ನಿಮ್ಮ ಮನಿಯವ್ರು ಎತ್ತಿಗೆ ಹಾರ್ನ್ ಹೊಡ್ಯಾಕತ್ತಾರ ನೋಡ್ರಿ!" ಎಂದಳು. ಓಣಿಯೆಲ್ಲ ನಕ್ಕಿತು. ನಾನು ಸೆರಗಿನೊಳಗೆ ನಕ್ಕೆ.

ಕಾರಿನ ಎಂಜಿನ್ನು ಬದುಕಿತ್ತು, ಕ್ಲಚ್ಚು ಸತ್ತಿತ್ತು. ಅದರ ಸಾಮಾನು ಮುಂಬಯಿಯಲ್ಲೂ ಸಿಗುವುದಿಲ್ಲ ಎಂದು ಕಾಗದ ಬಂದ ದಿನ ನಿಮ್ಮಜ್ಜನಿಗೆ ಆದ ಸಂತೋಷ ನಮ್ಮ ಮದುವೆಯ ದಿನವೂ ಆಗಿರಲಿಲ್ಲ. "ಇಲ್ಲಂದ್ರ ಏನಾತು? ಮನ್ಯಾಗ ಮಾಡ್ತೇನಿ!" ಎಂದರು. ನಾನು ರೊಟ್ಟಿ ಬಡಿಯುವ ಹಿಂದಿನ ಪಡಸಾಲೆಗೆ ಒಂದು ಹಳೆಯ ಲೇತ್ ಮಷೀನು ಬಂದು ಕೂತಿತು. ನಾನು ಒಲೆ ಎತ್ತಿಕೊಂಡು ಬಚ್ಚಲಿನ ಮಗ್ಗುಲಿಗೆ ಹೋದೆ. ಅಲ್ಲಿಗೂ ಕಬ್ಬಿಣದ ಪುಡಿ ಹಾರಿಬಂದು ಹಿಟ್ಟಿಗೆ ಬೀಳುತ್ತಿತ್ತು. ತೋರಿಸಿದರೆ, "ರಕ್ತಕ್ಕ ಛಲೋ, ತಿನ್ನು" ಎಂದರು.

ಅವರಿಗೆ ಅಳತೆಯೇ ದೇವರು. ಇಂಚನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಅವರ ಭಾಷೆಯಲ್ಲಿ ಥೌ. ಒಮ್ಮೆ ನನ್ನ ರೊಟ್ಟಿಗೇ ಮೈಕ್ರೋಮೀಟರ್ ಹಿಡಿದು, "ಅಂಚಿಗೆ ಹನ್ನೆರಡು ಥೌ ದಪ್ಪ ಆಗೇತಿ ನೋಡು" ಎಂದರು. ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಕ್ಲಚ್ಚು ಹೇಗೆ ಕೆಲಸ ಮಾಡುತ್ತದೆಂದು ಓಣಿಯವರಿಗೆಲ್ಲ ಪಾಠ ಹೇಳಿದರು, ಹಾಲಿನವನಿಗೂ ಹೇಳಿದರು. ನಾನು ಕೇಳಿದರೆ, "ನಿನಗ ತಿಳಿಯೂದಿಲ್ಲ ಬಿಡು" ಎಂದರು.

ಆ ಕ್ಲಚ್ಚು ಅವರಿಗಿಂತ ನನಗೇ ಹೆಚ್ಚು ಬೇಕಾಗಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಉಪ್ಪಿನಬೆಟಗೇರಿ ನನ್ನ ತವರು. ಅಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, ಹಬ್ಬಕ್ಕೊಮ್ಮೆ ಕೇಳುತ್ತಿದ್ದರು: "ಏನವಾ, ಮೋಟಾರ್ ಮಾಲಕರ ಹೆಂಡ್ತಿ ಈ ಸಲಾನೂ ಬಸ್ಸಿಗೇ ಬಂದಿ?" ಒಮ್ಮೆ, ಒಂದೇ ಒಮ್ಮೆ, ಆ ಬಾಗಿಲಿಗೆ ಕಾರಿನಲ್ಲಿ ಹೋಗಿ ಇಳಿಯಬೇಕು. ಮಾತಾಡಬಾರದು, ಬರೀ ಇಳಿಯಬೇಕು. ಇಷ್ಟೇ ನನ್ನ ಆಸೆ. ದೀಪಾವಳಿಗೆ ಹೋಗುವುದೆಂದು ನಿಶ್ಚಯವಾಯಿತು.

ಮಹಾನವಮಿಯ ಹೊತ್ತಿಗೆ ಕ್ಲಚ್ಚಿನ ಪ್ಲೇಟು ಸಿದ್ಧವಾಗಿತ್ತು. ಊಟದ ತಾಟಿನಷ್ಟು ಅಗಲ, ಎರಡೂ ಬದಿಗೆ ಒರಟು ಪದರು ಹೊದಿಸಿ ರಿವೆಟ್ಟು ಬಡಿದದ್ದು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಸಾಮಾನುಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿಟ್ಟು, "ನಾ ಕಾರಖಾನಿ ಪೂಜಾಕ್ಕ ಹೋಗಿ ಬರ್ತೇನಿ. ಮನ್ಯಾಗಿಂದು ನೀ ಮಾಡು. ಒಂದೂ ಬಿಡಬ್ಯಾಡ" ಎಂದು ಹೋದರು. ನಮ್ಮ ತವರಿನಲ್ಲಿ ಅಂದು ನೇಗಿಲಿನ ಕುಡ, ಕುಡಗೋಲುಗಳನ್ನೆಲ್ಲ ತೊಳೆದು, ಎಣ್ಣೆ ತೀಡಿ, ಕುಂಕುಮ ಇಡುವ ಪದ್ಧತಿ. ಹಾಗೆಯೇ ಮಾಡುತ್ತ ಬಂದೆ. ಪ್ಲೇಟಿನ ಸರದಿ ಬಂದಾಗ ನೋಡುತ್ತೇನೆ, ಪಾಪ, ತಾಯಿಯಿಲ್ಲದ ಕೂಸಿನ ತಲೆಯ ಹಾಗೆ ಒಣಗಿದೆ! ಇಷ್ಟು ತಿಂಗಳು ಥೌ ಎಣಿಸಿದ ಮನುಷ್ಯ ಒಂದು ಹನಿ ಎಣ್ಣೆ ತೋರಿಸಿಲ್ಲ. ಅಡುಗೆಯ ಕುಸುಬಿ ಎಣ್ಣೆಯನ್ನು ಅಂಗೈಗೆ ಸುರುವಿಕೊಂಡು ಎರಡೂ ಬದಿಗೆ ತಿಕ್ಕಿದೆ. ಅದು ಕುಡಿಯಿತು. ಇನ್ನಷ್ಟು ಕೊಟ್ಟೆ. ಅವರು ಬರುವಷ್ಟರಲ್ಲಿ ಒರೆಸಿ ಕುಂಕುಮ ಇಟ್ಟಿದ್ದೆ. "ಭೇಷ್" ಎಂದರು. ಮದುವೆಯಾದ ಮೇಲೆ ನಾನು ಕೇಳಿದ ಮೊದಲ ಭೇಷ್.

ಅದೇ ಪ್ಲೇಟನ್ನು ಕಾರಿಗೆ ಜೋಡಿಸಿ ದೀಪಾವಳಿಗೆ ಹೊರಟೆವು. ಸಪಾಟು ರಸ್ತೆಯಲ್ಲಿ ಕಾರು ಹೇಗೋ ಓಡಿತು. ಧಾರವಾಡ ದಾಟಿದ ಮೇಲೆ ಒಂದು ಏರು ಬಂದದ್ದೇ ಎಂಜಿನ್ನು ಹುಲಿಯಂತೆ ಗರ್ಜಿಸಿತು; ಗಾಲಿಗಳು ಮಾತ್ರ, ಬೈಯುತ್ತಿರುವುದು ಬೇರೆ ಯಾರಿಗೋ ಎಂಬಂತೆ ನಿಂತುಬಿಟ್ಟವು. ಆಮೇಲೆ ಕಾರು ಹಿಂದಕ್ಕೆ ಜಾರತೊಡಗಿತು. ಕಾಲ ಕೆಳಗಿನಿಂದ ಹೊಗೆ ಎದ್ದಿತು, ಹೊಗೆಯ ಜೊತೆ ವಾಸನೆ. "ಇಲ್ಲೆಲ್ಲೋ ಯಾರೋ ಭಜಿ ಕರ್ಯಾಕತ್ತಾರ" ಎಂದರು ನಿಮ್ಮಜ್ಜ. ಸುತ್ತ ಹೊಲ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಹುಟ್ಟಿದಾಗಿನಿಂದ ಕುಸುಬಿ ಎಣ್ಣೆಯ ಅಡುಗೆ ಉಂಡವಳಿಗೆ ಆ ವಾಸನೆ ಎಲ್ಲಿಯದೆಂದು ಯಾರೂ ಹೇಳಬೇಕಾಗಿರಲಿಲ್ಲ. ಕ್ಲಚ್ಚಿನ ಪ್ಲೇಟು ಒಣಗಿಯೇ ಇರಬೇಕು, ಎಣ್ಣೆ ತಾಗಿದರೆ ಜಾರುತ್ತದೆ ಎಂಬುದು ಹಾಲಿನವನಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಪೂಜೆ ಮಾಡುವವನು ಹಾಲಿನವನಲ್ಲವಲ್ಲ!

ಜೋಳದ ಕಣಿಕೆ ಹೇರಿಕೊಂಡು ಹೊರಟಿದ್ದ ಚಕ್ಕಡಿಯ ಮೇಲೆ ಕೂತು ತವರು ಮುಟ್ಟಿದೆವು. ವೈನಿ ನನ್ನ ತಲೆಯಲ್ಲಿದ್ದ ಕಣಿಕೆಯ ಒಣ ಗರಿ, ರವದಿ ತೆಗೆಯುತ್ತ, "ಯವ್ವಾ, ಇದಕಿಂತ ಬಸ್ಸರೆ ಛಲೋ ಇತ್ತಲ್ಲ!" ಎಂದರು.

ಕಾರಿಗೆ ಮತ್ತೆ ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ಬಂದು ಪ್ಲೇಟು ಬಿಚ್ಚಿದರು. ಸುಟ್ಟು ಕರ್ರಗಾಗಿತ್ತು. ಮೂಸಿ ನೋಡಿದ್ದರೆ ಮುಗಿಯುತ್ತಿತ್ತು. ಅವರು ಅಳೆದು ನೋಡಿದರು. "ಎರಡು ಥೌ! ಎರಡು ಥೌ ತಪ್ಪೇನಿ!" ಎಂದು ಹಣೆ ಬಡಿದುಕೊಂಡರು. ಹೇಳಬೇಕೆಂದು ಬಾಯಿ ತೆರೆದೆ, ನೆಲ ಕಂಡಿತು, ಮುಚ್ಚಿದೆ. ಯುಗಾದಿಯವರೆಗೂ ಲೇತು ತಿರುಗಿತು. ಕಾರಖಾನೆಯ ಗೆಳೆಯರು ಬಂದು ಎರಡು ಥೌ ಪುರಾಣ ಕೇಳಿ ತಲೆದೂಗಿದರು. ಅಷ್ಟು ಜನ ಜಾಣರಲ್ಲಿ ಒಬ್ಬರಿಗೂ ಮೂಗಿರಲಿಲ್ಲ. ಎಲ್ಲರಿಗೂ ಚಹಾ ಕೊಟ್ಟವಳು ನಾನೇ.

ಯುಗಾದಿಗೆ ಹೊಸ ಪ್ಲೇಟಿನ ಕಾರು ಏರು ಹತ್ತಿತು, ಇಳಿಯಿತು, ತವರಿನ ಬಾಗಿಲಲ್ಲಿ ನಿಂತಿತು. ವೈನಿ ಆರತಿ ತಂದರು. ಜೊತೆಗೆ ಚಕ್ಕಡಿಯ ಕೀಲಿಗೆ ಬಿಡುವ ಎಣ್ಣೆಯ ಗಿಂಡಿ. "ದೂರದಿಂದ ಬಂದೈತಿ, ಒಂದೀಟು ಎಣ್ಣಿ ಬಿಡ್ತೇನಿ" ಎಂದು ಗಾಲಿಯತ್ತ ಬಗ್ಗಿದ್ದೇ ತಡ, ಮಾತಾಡದೆ ಇಳಿಯಬೇಕೆಂದಿದ್ದ ನಾನು ಓಣಿಗೆಲ್ಲ ಕೇಳುವಂತೆ ಒದರಿದೆ: "ಎಣ್ಣಿ ಬ್ಯಾಡ್ರಿ ವೈನಿ! ಜಾರ್ತೈತಿ!"

ನಿಮ್ಮಜ್ಜ ತಿರುಗಿ ನನ್ನ ಮುಖ ನೋಡಿದರು. ಒಳಗೆ ಹಬ್ಬದ ಭಜಿ ಕರಿಯುತ್ತಿದ್ದರು. ನಿಮ್ಮಜ್ಜನ ಮೂಗು ಒಮ್ಮೆ ಅರಳಿತು. ಅಡುಗೆಮನೆಯ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಆಮೇಲೆ ನಮ್ಮ ಅಣ್ಣನ ಹೆಗಲ ಮೇಲೆ ಕೈ ಹಾಕಿ, "ಹ್ವಾದ ಸಲ ಏನಾಗಿತ್ತಂದ್ರ, ಎರಡು ಥೌ..." ಎಂದು ಶುರು ಮಾಡಿದರು.

ಕೊನೆಯವರೆಗೂ ಅವರು ಅದನ್ನೇ ಹೇಳಿದರು, ನಾನು ಚಹಾ ಕೊಟ್ಟೆ. ನನ್ನ ಮಾನ ಉಳಿಸಲು ಹೇಳಿದರೋ, ತಮ್ಮ ಥೌ ಉಳಿಸಲು ಹೇಳಿದರೋ, ಕೇಳಲಿಲ್ಲ. ನಾಚಿಕೆಯಿಂದ ಕೇಳಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಖರೇ ಹೇಳುತ್ತೇನೆ: ನನ್ನ ಸಲುವಾಗಿ ಹೇಳಿದ್ದೆಂದು ಅವರು ಒಪ್ಪಿಬಿಟ್ಟಿದ್ದರೆ, ಇಷ್ಟು ವರ್ಷ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿರುವ ಸುಖ ನನಗೆ ತಪ್ಪಿಹೋಗುತ್ತಿತ್ತು.