ಬರಿಗಾಲಿನ ನಲವತ್ತೆಂಟನೇ ದಿನ

ಎಲ್ಲಕ್ಕೂ ಮೂಲ ಒಂದು ಅಂಕಿ. ದಿಮ್ಮಿಯ ತಲೆಯ ಮೇಲೆ ಸುತ್ತಿಗೆಯಲ್ಲಿ ಒತ್ತಿದ್ದ ಮೂರು, ಡಿಪೋ ಗುಮಾಸ್ತ ಧರ್ಮಪ್ಪನ ಕಣ್ಣಿಗೆ ಎಂಟಾಗಿ ಕಂಡಿತು. ಕಂಡದ್ದನ್ನೇ ಅವನು ಬರೆದುಕೊಂಡ. ಬೊಂಬಾಯಿಗೆ ಹೋಗಬೇಕಾಗಿದ್ದ ಸಾಗುವಾನಿ ದಿಮ್ಮಿ ಭದ್ರಾವತಿಯ ಯಾರದೋ ಮದುವೆಮನೆಯ ಒಲೆಗೆ ಹೋಯಿತು. ಮದುವೆಯ ಊಟ ಬಹಳ ಚೆನ್ನಾಗಿ ಬೆಂದಿತ್ತಂತೆ.

ಹೊಳೆ ದಂಡೆಯ ಆ ಮರದ ಡಿಪೋಗೆ ಜನಾರ್ದನಯ್ಯ ಅಂತ ಹೊಸ ಮ್ಯಾನೇಜರು ಬಂದಿದ್ದರು. ಮೃದು ಮನಸ್ಸಿನವರು, ಆದರೆ ಆಡಿದ ಮಾತು ಬದಲಿಸುವವರಲ್ಲ. ಯುದ್ಧದ ಕಾಲ, ರೈಲು ಹಳಿಯ ಕೆಳಗೆ ಹಾಸುವ ಮರದ ಸ್ಲೀಪರು ಎಷ್ಟು ಕೊಟ್ಟರೂ ಸಾಲದು, ಅಂಥದ್ದರಲ್ಲಿ ಈ ತಪ್ಪು. ಗುಮಾಸ್ತರನ್ನೆಲ್ಲ ನಿಲ್ಲಿಸಿ ಹೇಳಿದರು: "ನೋಡ್ರಪ್ಪ, ಇನ್ನು ಏಳು ವಾರ ಟೈಮು. ಆಮೇಲೆ ಆ ಕಂಬಕ್ಕೆ ಅಂಕಿ ಬರೆದ ಹಲಗೆ ನೇತುಹಾಕ್ತೀನಿ. ಇಲ್ಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಓದಿದೋರು ಇರಿ, ಓದದೋರು ಮನೆಗೆ ಹೋಗಿ. ಕನ್ನಡಕದ ಮಾತು ಎತ್ತಬೇಡಿ. ಮಳೇಲಿ ಮಬ್ಬು, ಗರಗಸದ ಹೊಟ್ಟಲ್ಲಿ ಕುರುಡು, ಅದು ಡಿಪೋಗೆ ಆಗಿಬರಲ್ಲ."

ಧರ್ಮಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದವಳು ತಾಯಿ ಬಂಗಾರಮ್ಮ ಒಬ್ಬಳೇ. ಎಪ್ಪತ್ತು ದಾಟಿದವಳು, ಎರಡು ತಿಂಗಳಿಂದ ಕೆಮ್ಮು. ಇವತ್ತೋ ನಾಳೆಯೋ ಎಂದು ಕೇರಿಯವರು ಕಾದೂ ಕಾದೂ ಬೇಸತ್ತಿದ್ದರು.

ಭಾನುವಾರ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಸಿದ್ದಯ್ಯ ಪಂಡಿತರನ್ನು ಕಂಡ. ಪಂಡಿತರು ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಕಾಲಿಗೆ ಮೆಟ್ಟು ಹಾಕಿದ್ರಿಂದ್ಲೇ ಕಣ್ಣು ಹೋಗಿದ್ದು ಕಣಯ್ಯ. ನೆಲದ ತಂಪು ಅಂಗಾಲಿಂದ ಹತ್ತಿ ಕಣ್ಣಿಗೆ ಬರಬೇಕು. ನಲವತ್ತೆಂಟು ದಿನ, ಹೊತ್ತು ಹುಟ್ಟೋ ಮುಂಚೆ, ಕಾಡಿನ ದಾರೀಲಿ ಮೂರು ಮೈಲಿ ಬರಿಗಾಲಲ್ಲಿ ನಡಿ. ಕಾಡಲ್ಲಿ ಬಾಯಿ ಬಿಡಬೇಡ, ಏರಿದ ತಂಪು ಬಾಯಿಂದ ಆಚೆ ಹೋಗುತ್ತೆ. ಕೊನೇ ದಿನ ತಲೆ ಬೋಳಿಸಿ, ಹೊಸ ಮಡಕೇಲಿ ಹಳ್ಳದ ನೀರು ತುಂಬಿ ಹೆಗಲ ಮೇಲೆ ತಂದು, ಕಾಡು ದಾಟಿದ ಮೇಲೆ ಕಣ್ಣು ತೊಳಕೋ. ಒಂದು ದಿನ ತಪ್ಪಿದ್ರೂ ಮೊದಲಿಂದ."

"ತಾವೇ ಕನ್ನಡಕ ಹಾಕಿದ್ದೀರಲ್ಲ ಸ್ವಾಮಿ?"

"ನನಗೆ ನಡಿಯಕ್ಕೆ ಪುರಸೊತ್ತೆಲ್ಲಯ್ಯ ಇದೆ?" ಎಂದರು ಪಂಡಿತರು.

ನಲವತ್ತೇಳು ದಿನ ಧರ್ಮಪ್ಪ ನಡೆದ. ಊರಾಚೆಯ ರಿಸರ್ವು ಕಾಡಿನಲ್ಲಿ ಒಂದು ಕಾಲುದಾರಿ. ಬೆಳಗಿನ ಮಂಜಿನಲ್ಲಿ ಸಾಗುವಾನಿ ಮರಗಳು ಸಾಲಾಗಿ, ಕಚೇರಿ ಬಾಗಿಲು ತೆರೆಯುವುದನ್ನು ಕಾಯುವ ಅರ್ಜಿದಾರರ ಹಾಗೆ, ಮಂಕಾಗಿ ನಿಂತಿರುತ್ತಿದ್ದವು. ಹಕ್ಕಿ ಕೂಡ ಅಲ್ಲಿ ಮನಸ್ಸಿಲ್ಲದೆ ಕೂಗುತ್ತಿತ್ತು. ಮೊದಲ ವಾರ ಬಿದಿರ ಮುಳ್ಳು, ಎರಡನೇ ವಾರ ಕೆಂಜಿಗ, ಮೂರನೇ ವಾರ ರಕ್ತ ಹೀರುವ ಉಂಬಳ. ಅಂಗಾಲು ಮೊದಲು ಸೀಳಿತು, ಆಮೇಲೆ ಊದಿತು, ಕೊನೆಗೆ ರೊಟ್ಟಿಯ ಹಾಗೆ ಅಗಲವಾಗಿ ಗಟ್ಟಿಯಾಯಿತು. ಕಣ್ಣು ಮಾತ್ರ ಇದ್ದ ಹಾಗೇ ಇತ್ತು. ಹುತ್ತವನ್ನು ಫಾರೆಸ್ಟ್ ಗಾರ್ಡು ಎಂದುಕೊಂಡು ಅವನು ಮೂರು ಸಲ ಕೈ ಮುಗಿದಿದ್ದ. ಕೊನೆಯ ದಿನ ಒಟ್ಟಿಗೆ ಬರುತ್ತದೇನೋ ಎಂದು ಸಮಾಧಾನ ಮಾಡಿಕೊಂಡ.

ಆ ಕೊನೆಯ ದಿನವೇ ಪರೀಕ್ಷೆಯ ದಿನ. ಹಿಂದಿನ ಸಾಯಂಕಾಲವೇ ತಲೆ ಬೋಳಿಸಿಕೊಂಡಿದ್ದ. ಬರೀ ತಲೆ ಎಂದು ಹೇಳಿದ್ದರೂ ಕ್ಷೌರದವನು ಮೀಸೆಯನ್ನೂ ತೆಗೆದುಬಿಟ್ಟಿದ್ದ. ಬೆಳಿಗ್ಗೆ ತಾಯಿ ನಿದ್ದೆಯಲ್ಲಿದ್ದಳು. ರಾತ್ರಿಯಿಡೀ ಕೆಮ್ಮಿದವಳು ಈಗಲಾದರೂ ಮಲಗಲಿ ಎಂದು ಎಬ್ಬಿಸದೆ, ಬಿಳಿ ಪಂಚೆ ಉಟ್ಟು, ಹೊಸ ಮಡಕೆ ಹಿಡಿದು ಹೊರಟ.

ಹಳ್ಳಕ್ಕೆ ಇಳಿದು ಮಡಕೆ ತುಂಬುವಾಗ ಪಾಚಿಯ ಕಲ್ಲಿನ ಮೇಲೆ ಕಾಲು ಜಾರಿತು. ಕುತ್ತಿಗೆವರೆಗೂ ಮುಳುಗಿದ. ಆದರೂ ಮಡಕೆಯನ್ನು ಮಾತ್ರ ಮಗುವಿನ ಹಾಗೆ ಮೇಲೆತ್ತಿ ಹಿಡಿದಿದ್ದ. ಒದ್ದೆ ಪಂಚೆಯಲ್ಲಿ ನಡುಗುತ್ತ, ಎಡ ಹೆಗಲ ಮೇಲೆ ಮಡಕೆ ಇಟ್ಟುಕೊಂಡು ದಾರಿಗೆ ಬಂದ. ಹಳ್ಳದ ಈಚೆ ದಡದಲ್ಲೇ ಊರಿನ ಸುಡುಗಾಡು. ಅದರ ಪಕ್ಕದಲ್ಲೇ ಕಾಲುದಾರಿ ಹಾಯ್ದುಹೋಗುತ್ತದೆ.

ಅಲ್ಲಿ, ಮಂಜಿನಲ್ಲಿ, ದಾರಿಗೆ ಅಡ್ಡವಾಗಿ ಕರ್ರಗೆ ದುಂಡಗೆ ಏನೋ ನಿಂತಿತ್ತು. ಕರಡಿ! ಧರ್ಮಪ್ಪ ಬೆಚ್ಚಿದ. ಮಡಕೆ ಹೆಗಲಿಂದ ಹಿಂದಕ್ಕೆ ಉರುಳಿ ಫಟ್ಟೆಂದು ಒಡೆಯಿತು. ಒಡೆದದ್ದನ್ನು ತಿರುಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ನಲವತ್ತೆಂಟು ದಿನ ಅಲ್ಲಿ ಚೂರುಚೂರಾಗಿ ಬಿದ್ದಿತ್ತು.

ಕರಡಿ ತಲೆಯ ಮೇಲಿನ ತರಗೆಲೆಯ ಹೊರೆ ಇಳಿಸಿತು. ಪಕ್ಕದ ಮನೆಯ ಹುಚ್ಚಮ್ಮ.

ಹುಚ್ಚಮ್ಮ ನೋಡಿದಳು. ಬೋಳಿಸಿದ ತಲೆ. ಮೀಸೆ ಇಲ್ಲ. ಒದ್ದೆ ಬಿಳಿ ಪಂಚೆ. ಬರಿಗಾಲು. ಸುಡುಗಾಡಿನ ಪಕ್ಕ. ಹೆಗಲಿನ ಹೊಸ ಮಡಕೆ ಹಿಂದಕ್ಕೆ ಬಿದ್ದು ಒಡೆಯಿತು, ಮಗ ತಿರುಗಿ ನೋಡಲಿಲ್ಲ.

"ಧರ್ಮಣ್ಣಾ..." ಅವಳು ಎರಡು ಹೆಜ್ಜೆ ಹತ್ತಿರ ಬಂದಳು. "ಅಮ್ಮ?"

ಅವಳು ದಿನಾ ಹೀಗೇ ತಾಯಿಯ ಕೆಮ್ಮು ವಿಚಾರಿಸುತ್ತಿದ್ದಳು. ಕಾಡಿನಲ್ಲಿ ಬಾಯಿ ಬಿಡುವ ಹಾಗಿಲ್ಲವಲ್ಲ, ಧರ್ಮಪ್ಪ ಎರಡೂ ಅಂಗೈ ಜೋಡಿಸಿ ಕೆನ್ನೆಗಿಟ್ಟು, ತಲೆ ವಾಲಿಸಿ, ಕಣ್ಣು ಮುಚ್ಚಿ ತೋರಿಸಿದ. ಮಲಗಿದ್ದಾಳೆ ಎಂದು. ಒಡೆದ ಮಡಕೆಯ ದುಃಖಕ್ಕೆ ಆ ಮುಚ್ಚಿದ ಕಣ್ಣಿಂದ ನೀರೂ ಬಂತು.

"ಅಯ್ಯೋ ನನ್ನವ್ವಾ! ಬಂಗಾರಕ್ಕಾ! ಒಂದು ಮಾತು ಹೇಳದೆ ಹೋದೆಯಲ್ಲೇ ಮಾರಾಯ್ತಿ!" ಹುಚ್ಚಮ್ಮ ಎದೆ ಬಡಿದುಕೊಂಡು ಊರ ಕಡೆ ಓಡಿದಳು.

ಅವಳು ಕೋಳಿ ಸತ್ತರೂ ಇಷ್ಟೇ ಜೋರಾಗಿ ಅಳುವವಳು. ಓಡುವಾಗ ಏನೆಂದಳೋ ಧರ್ಮಪ್ಪನಿಗೆ ಅರ್ಧ ಕೇಳಿಸಲಿಲ್ಲ. ಅವನ ತಲೆಯಲ್ಲಿದ್ದದ್ದು ಮಡಕೆ. ಮೂರು ಮೈಲಿಯನ್ನಾದರೂ ಪೂರ್ತಿ ಮಾಡೋಣ ಎಂದು ಅವನು ಬಳಸುದಾರಿ ಹಿಡಿದ.

ಡಿಪೋ ತಲುಪಿದಾಗ ಗಂಟೆ ಹತ್ತು. ಗೇಟಿನಲ್ಲಿ ಜೊತೆ ಗುಮಾಸ್ತ ಉಮಾಮಹೇಶ್ವರ ನಿಂತಿದ್ದ. ಧರ್ಮಪ್ಪ ಬಾಯಿ ತೆಗೆಯುವ ಮುಂಚೆಯೇ ಅವನನ್ನು ತಬ್ಬಿಕೊಂಡ.

"ಮಾತಾಡಬೇಡ ಮಾರಾಯ. ಹುಚ್ಚಮ್ಮ ಬಂದು ಎಲ್ಲ ಹೇಳಿದ್ಲು. ಅಂಥಾ ತಾಯಿ! ನಂಗೆ ಹೋದ ಯುಗಾದಿಗೆ ಒಬ್ಬಟ್ಟು ಹಾಕಿದ್ರು. ಎರಡು ಕೇಳಿದ್ರೆ ಒಂದು ಹಾಕಿದ್ರು, ಆದ್ರೂ ಅಂಥಾ ತಾಯಿ!"

"ಏನು ಹೇಳಿದ್ಲು?"

"ಅಯ್ಯೋ ಪಾಪ, ಗರ ಬಡಿದ ಹಾಗಾಗಿದೆ ನಿಂಗೆ. ಒಬ್ಬನೇ ಎಲ್ಲ ಮುಗಿಸಿ ಬಂದೆಯಂತಲ್ಲ? ನಮಗೊಂದು ಮಾತು ಹೇಳಿದ್ರೆ ಹೆಗಲು ಕೊಡ್ತಿರಲಿಲ್ವ?"

ಧರ್ಮಪ್ಪನಿಗೆ ಈಗ ತಿಳಿಯಿತು. "ಇಲ್ಲ ಕಣೋ, ಅಮ್ಮ..." ಎನ್ನುವಷ್ಟರಲ್ಲಿ ಜನಾರ್ದನಯ್ಯ ಬಂದರು. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಧರ್ಮಪ್ಪ, ತಾಯಿ ಹೋದ ದಿನವೂ ಪರೀಕ್ಷೆ ಅಂತ ಬಂದೆಯಲ್ಲಪ್ಪ. ನಾನೇನು ರಾಕ್ಷಸನೇ? ಮಿಕ್ಕೋರದೆಲ್ಲ ಬೆಳಿಗ್ಗೆ ಮುಗೀತು. ನಿನಗೆ ಹದಿಮೂರು ದಿನ ರಜ. ಕರ್ಮ ಎಲ್ಲ ಮುಗಿಸಿ ಬಾ, ಆಮೇಲೆ ನೋಡೋಣ."

ಹದಿಮೂರು ದಿನ! ಸತ್ಯ ಧರ್ಮಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಹೊಸ ಮಡಕೆ ತರಬಹುದು. ಪಂಡಿತರನ್ನು ಕೇಳಿ ಇವತ್ತಿನ ತಪ್ಪಿಗೆ ಪರಿಹಾರ ಮಾಡಬಹುದು. ಹೇಗೂ ಅಮ್ಮ ಮನೆ ಬಿಟ್ಟು ಆಚೆ ಬರಲ್ಲ. ಅವನು ತಲೆ ತಗ್ಗಿಸಿ ಮೂಗೊರೆಸಿಕೊಂಡ. ಕೂಲಿಯವರಲ್ಲಿ ಇಬ್ಬರು ಬಿಕ್ಕಿದರು.

ಇತ್ತ ಡಿಪೋಗೆ ಸುದ್ದಿ ಮುಟ್ಟಿಸಿ ಬಂದ ಹುಚ್ಚಮ್ಮ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಅಳುತ್ತ ಮನೆಗೆ ನುಗ್ಗಿದಾಗ, ಬಂಗಾರಮ್ಮ ಒಲೆ ಮುಂದೆ ಕೂತು ಗಂಜಿ ಕುಡಿಯುತ್ತಿದ್ದಳು. ಯಾರು ಸತ್ತಿದ್ದು ಎಂದು ಕೇಳಿದಳು. ಉತ್ತರ ಕೇಳಿದ ಮೇಲೆ ಗಂಜಿಯ ತಟ್ಟೆ ಕೆಳಗಿಟ್ಟಳು. ಬಾಗಿಲ ಮೂಲೆಯಲ್ಲಿ ನಲವತ್ತೆಂಟು ದಿನದಿಂದ ಧೂಳು ಹಿಡಿದಿದ್ದ ಮಗನ ಮೆಟ್ಟುಗಳನ್ನು ಎತ್ತಿಕೊಂಡಳು, ಅವನಿಗೆ ಹಾಕುವುದಕ್ಕೋ ಬಾರಿಸುವುದಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಡಿಪೋದಲ್ಲಿ ಧರ್ಮಪ್ಪನನ್ನು ಒಳಗೆ ದಿಮ್ಮಿಗಳ ಹತ್ತಿರ ಕರೆದೊಯ್ದು ಇನ್ನೂ ಸಮಾಧಾನ ಮಾಡುತ್ತಿದ್ದರು. ಗರಗಸ ಓಡುತ್ತಿತ್ತು. ಯಾರ ಮಾತೂ ಯಾರಿಗೂ ದೂರಕ್ಕೆ ಕೇಳಿಸದಷ್ಟು ಸದ್ದು. ಬಂಗಾರಮ್ಮ ನಡೆದೂ ನಡೆದೂ ಉಸಿರು ಕಟ್ಟಿ, ಗೇಟು ದಾಟಿ ನಾಲ್ಕು ಹೆಜ್ಜೆ ಬಂದು, ಸಿಕ್ಕಿದ ಕಂಬವನ್ನು ಹಿಡಿದು ನಿಂತಳು.

ಮೊದಲು ನೋಡಿದವನು ಉಮಾಮಹೇಶ್ವರ. ಮುಖ ಸುಣ್ಣದ ಗೋಡೆಯಾಯಿತು.

"ಧ... ಧರ್ಮಣ್ಣ. ಅಲ್ಲಿ ಕಂಬದ ಹತ್ರ. ಅದು ಯಾರು ನೋಡು."

ಧರ್ಮಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಮಾಸಲು ಸೀರೆ. ಕೈಯಲ್ಲಿ ಏನೋ ಎರಡು ಚಕ್ಕೆ.

ಜನಾರ್ದನಯ್ಯನವರೂ ಆ ಕಡೆ ತಿರುಗಿದರು. "ಯಾರಪ್ಪ ಆಕೆ? ಗೊತ್ತಿರೋರಾ?"

"ಯಾರೋ ಚಕ್ಕೆ ಆರಿಸೋ ಮುದುಕಿ ಸ್ವಾಮಿ," ಎಂದ ಧರ್ಮಪ್ಪ, ಗಂಟಲು ಗದ್ಗದ ಮಾಡಿಕೊಂಡು. "ದಿನಾ ಬರ್ತಾಳೆ. ನಮ್ಮಮ್ಮನಷ್ಟೇ ವಯಸ್ಸು. ಪಾಪ, ನೋಡಿದ್ರೆ ನಮ್ಮಮ್ಮನ ನೆನಪಾಗುತ್ತೆ."

ಉಮಾಮಹೇಶ್ವರ ಅಲ್ಲೇ ದಿಮ್ಮಿಯ ಮೇಲೆ ಕುಸಿದು ಕೂತ. "ಅದು ನಿಮ್ಮಮ್ಮನೇ ಕಣೋ!"

ಮ್ಯಾನೇಜರು ಕೈಯೆತ್ತಿದರು, ಗರಗಸ ನಿಂತಿತು. ಆ ನಿಶ್ಶಬ್ದದಲ್ಲಿ ಒಂದು ಕೆಮ್ಮು ಕೇಳಿಸಿತು. ಎರಡು ತಿಂಗಳಿಂದ ಅವನು ಕೇಳುತ್ತಿದ್ದ ಕೆಮ್ಮು.

ಜನಾರ್ದನಯ್ಯ ಕಂಬದವರೆಗೆ ನಡೆದರು. ಒಂದೊಂದೇ ಹೆಜ್ಜೆ ಎಣಿಸುತ್ತ ಹೋದರು. ಇಪ್ಪತ್ತು. ಬಂಗಾರಮ್ಮನ ತಲೆಯ ಮೇಲೆ, ಕಂಬಕ್ಕೆ ನೇತುಹಾಕಿದ್ದ ಅಂಕಿಯ ಹಲಗೆ ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಬಂದರು.

"ಸುಳ್ಳು ಹೇಳಿದ್ದನ್ನ ನಾನು ಮರೀತೀನಿ ಧರ್ಮಪ್ಪ," ಎಂದರು ಬೇಸರದಿಂದ. "ಆದ್ರೆ ಪರೀಕ್ಷೆ ಮುಗೀತಲ್ಲಪ್ಪ."

ಗೇಟಿನಾಚೆ ಬಂಗಾರಮ್ಮ ಮಗನನ್ನು ಕಲ್ಲಿನ ಮೇಲೆ ಕೂರಿಸಿ, ಅವನ ಪಾದ ಮಡಿಲಿಗೆಳೆದುಕೊಂಡಳು. ಹೊಡೆಯುವ ಮನಸ್ಸು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ಸೆರಗಿನ ಪಿನ್ನು ತೆಗೆದು ಅಂಗಾಲಿನಿಂದ ಕೂದಲೆಳೆಯಂಥ ಮುಳ್ಳು ಎತ್ತಿದಳು.

"ಕಾಣ್ತೇನೋ?"

"ಇಲ್ಲಮ್ಮ."

"ನಂಗೆ ಕಾಣುತ್ತೆ. ಹುಟ್ಟಿದಾಗ್ಲಿಂದ ಮೆಟ್ಟು ಹಾಕಿದೋಳಲ್ಲ ನಾನು. ನೀನು ಹೋದ ಜನ್ಮದಲ್ಲೇ ಶುರು ಮಾಡಬೇಕಿತ್ತು ಮಾರಾಯ. ಹಾಕ್ಕೋ, ಮನೆಗೆ ಹೋಗೋಣ."

ಧರ್ಮಪ್ಪ ಮೆಟ್ಟಿಗೆ ಕಾಲು ತೂರಿಸಿದ. ಹೋಗಲಿಲ್ಲ. ಕಾಡು ಅವನ ಪಾದವನ್ನು ಎರಡು ಬೆರಳಷ್ಟು ಅಗಲ ಮಾಡಿತ್ತು. ಬಂಗಾರಮ್ಮ ಮೆಟ್ಟುಗಳನ್ನು ಮತ್ತೆ ಕೈಗೆತ್ತಿಕೊಂಡು ಮುಂದೆ ನಡೆದಳು. ಅವಳ ಮಾಸಲು ಸೀರೆ ದೃಷ್ಟಿಯಿಂದ ತಪ್ಪದ ಹಾಗೆ, ಎರಡೇ ಹೆಜ್ಜೆ ಹಿಂದೆ, ಅವನು ಬರಿಗಾಲಲ್ಲಿ ಹೊರಟ.