ಬಾಗಿಲಲ್ಲಿ ಕೂತ ಅಜ್ಜಿ

"ನನ್ನ ಮನೆ ಬಾಗಿಲಲ್ಲಿ ಆ ಮುದುಕಿ ಯಾಕಯ್ಯಾ ಕೂತಿದ್ದಾಳೆ?" ಚಿತ್ರ ನೋಡಿ ಕರೆಂಟಣ್ಣ ಅರಚಿದ.

"ಕೂತಿದ್ರು, ಬರೆದೆ," ಎಂದ ಬೋರ್ಡು ಪೇಂಟರ್, ಕುಂಚ ಒರೆಸುತ್ತಾ. "ಕಣ್ಣಲ್ಲಿ ಕಂಡದ್ದನ್ನ ಬರೆಯೋನು ನಾನು. ಇಲ್ಲದ್ದನ್ನ ಬರೆಯೋಕೆ ನಾನೇನು ಕವಿಯೇ?"

"ಎಲ್ಲಾ ಚಿತ್ರದಲ್ಲೂ ಕೂತಿದ್ದಾಳಲ್ಲೋ!"

"ಹೋದಾಗೆಲ್ಲಾ ಕೂತಿದ್ರು. ಟೀನೂ ಕೊಟ್ರು."

ಕರೆಂಟಣ್ಣ ಬೀದಿಯ ಎಲೆಕ್ಟ್ರಿಷಿಯನ್. ವೈರು ಎಳೆದು ಬಿಡುವಾದಾಗ ಕವಿತೆ ಕಟ್ಟುತ್ತಿದ್ದ. ಎಲ್ಲ ಕವಿತೆಯೂ ಒಂದೇ ಮನೆಯ ಮೇಲೆ: ಬೀದಿಯ ಆಚೆ ತುದಿಯ ಹಸಿರು ಬಾಗಿಲು, ಜಗಲಿ, ಉಯ್ಯಾಲೆ, ಚಿಕ್ಕಂದಿನಲ್ಲಿ ತಾನು ಆಡಿ ಬೆಳೆದ ಮನೆ. ಅದನ್ನು ಈಗ ಅಲ್ಲಿರುವ ದರ್ಜಿ ಅಜ್ಜಿ ಹೇಗೋ ಲಪಟಾಯಿಸಿದಳೆಂದು ಅವನ ನಂಬಿಕೆ. ಆಕೆ ಎದುರಾದರೆ ಮುಖ ತಿರುಗಿಸುತ್ತಿದ್ದ. ತಿರುಗಿಸಿ ತಿರುಗಿಸಿ ಕತ್ತು ಸಡಿಲಾದ ನಲ್ಲಿಯಂತೆ ಒಂದೇ ಕಡೆಗೆ ವಾಲಿತ್ತು. ಆ ಕವಿತೆಗಳಿಗೆ ಪೇಂಟರಿನಿಂದ ಚಿತ್ರ ಬರೆಸಿದ 'ನನ್ನ ಮನೆ' ಎಂಬ ಈ ಪುಸ್ತಕ ಅಚ್ಚಾದರೆ ಕೈತಪ್ಪಿದ ಮನೆ ಕಾಗದದ ಮೇಲಾದರೂ ತನ್ನದಾಗುತ್ತದೆ ಎಂಬುದೇ ಅವನ ಆಸೆ. ಸಂಜೆ ಪ್ರೆಸ್ಸಿನವನು ಬರಲಿದ್ದ. ಕೊನೆಯ ಕವಿತೆಯೊಂದು ಇನ್ನೂ ಬಾಕಿ.

ಕರೆಂಟಣ್ಣ ಬಿಳಿ ಬಣ್ಣದ ಡಬ್ಬಕ್ಕೆ ಕೈ ಹಾಕಿ ಅಜ್ಜಿಯ ಮೇಲೆ ಬಳಿದೇಬಿಟ್ಟ. ಅಜ್ಜಿ ಹೋದಳು. ಜೊತೆಗೆ ಬಾಗಿಲೂ ಹೋಯಿತು, ಉಯ್ಯಾಲೆಯ ಅರ್ಧವೂ ಹೋಯಿತು. ಮನೆ ಹಲ್ಲುಜ್ಜುವಾಗ ಸಿಕ್ಕಿಬಿದ್ದವನ ಬಾಯಂತೆ ಕಾಣತೊಡಗಿತು.

"ಅಯ್ಯೋ ಪಾಪಿ!" ಎಂದು ಪೇಂಟರ್ ಹಾಕಿದ ಕೂಗಿಗೆ ಪಕ್ಕದ ಮನೆಯ ಮೇಷ್ಟ್ರು ಪಂಚೆ ಎತ್ತಿಕಟ್ಟಿಕೊಂಡು ಓಡಿಬಂದರು. ಚಿತ್ರಗಳನ್ನು ಒಂದೊಂದಾಗಿ ನೋಡಿ, "ಎಲ್ಲಾ ಸರಿ, ನಿಮ್ಮಮ್ಮನ ಹಾಸಿಗೆ ಎಲ್ಲಿತ್ತು?" ಎಂದರು.

ಕರೆಂಟಣ್ಣ ತಡವರಿಸಿದ. ಜಗಲಿ ನೆನಪಿತ್ತು, ಅಡುಗೆಮನೆಯ ಬಿಸಿ ನೆನಪಿತ್ತು. ಅಮ್ಮ ಮಲಗುತ್ತಿದ್ದ ಜಾಗ ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಅಕ್ಕನ್ನ ಕರೀರಿ. ಅವಳೇ ಸಾಕ್ಷಿ!"

ಹಿಂದಿನ ಓಣಿಯಿಂದ ಅಕ್ಕ ಒದ್ದೆ ಕೈಯಲ್ಲೇ ಬಂದಳು. ಕವಿತೆಗಳನ್ನು ಓದಿದಳು. ಓದುತ್ತಾ ಓದುತ್ತಾ ನಗು ತಡೆಯಲಾರದೆ ಅವಳ ಹೊಟ್ಟೆ ಕುಣಿಯತೊಡಗಿತು.

"ಇದು ನಮ್ಮ ಮನೆ ಯಾವಾಗ ಆಗಿತ್ತೋ, ಪೆದ್ದೇ? ನಾವಿದ್ದದ್ದು ಅದರ ಹಿಂದಿನ ಒಂಟಿ ರೂಮು. ಬಾಡಿಗೆಗೆ. ಅಮ್ಮಂಗೆ ಆಸ್ಪತ್ರೇಲಿ ರಾತ್ರಿ ಪಾಳಿ. ನಿನ್ನನ್ನ ದರ್ಜಿ ಅಜ್ಜಿ ಹತ್ರ ಬಿಟ್ಟು ಹೋಗ್ತಿದ್ಲು. ಅಲ್ಲೇ ತಿಂದೆ, ಅಲ್ಲೇ ಮಲಗಿದೆ. ರೂಮು ಖಾಲಿ ಮಾಡಿದ ದಿನ ಆ ಬಾಗಿಲು ಹಿಡಿದು ಬಿಡಲೇ ಇಲ್ಲ ನೀನು. ಅಜ್ಜಿ ಅತ್ತುಬಿಟ್ರು."

ಮೇಷ್ಟ್ರು, "ಹೆಸರು 'ಪಕ್ಕದ ಮನೆ' ಅಂತ ಬದಲಾಯಿಸಿದ್ರೆ ಹೇಗೆ?" ಎಂದರು.

"ಸುಮ್ನಿರಿ ಮೇಷ್ಟ್ರೇ!" ಎಂದ ಕರೆಂಟಣ್ಣ. ಇಷ್ಟು ವರ್ಷ ಯಾರಿಗೆ ಮುಖ ತಿರುಗಿಸಿದ್ದೆ ಎಂದು ನೆನೆದು ಮೈ ಹಿಡಿಯಾಯಿತು. ಚಪ್ಪಲಿ ಮೆಟ್ಟಿದ. "ಒಂದು ನಿಮಿಷ. ತಪ್ಪಾಯ್ತು ಅಂತ ಹೇಳಿ ಬಂದ್ಬಿಡ್ತೀನಿ. ಕೊನೇ ಕವಿತೆ ಬಂದು ಬರೀತೀನಿ," ಎಂದು ಹೊರಟ.

ಹಸಿರು ಬಾಗಿಲಲ್ಲಿ ಅಜ್ಜಿ ಕೂತೇ ಇದ್ದಳು. ಅವನು ಬಾಯಿ ತೆರೆಯುವ ಮೊದಲೇ, "ಈಗ ದಾರಿ ಗೊತ್ತಾಯ್ತಾ ನಿಂಗೆ?" ಎಂದಳು. "ಒಳಗೆ ಬಾ. ಉಯ್ಯಾಲೆ ಮೇಲೆ ಕೂತ್ಕೋ. ಮೊದಲು ಏನಾದ್ರೂ ತಿನ್ನು."

ತಿಂದ. ಉಯ್ಯಾಲೆಯ ಮೇಲೆ ಕೂತು, ಜೇಬಿನ ಕಾಗದ ತೆಗೆದು, ಕಳೆದುಹೋದ ಮನೆಯ ಮೇಲೆ ಕೊನೆಯ ಕವಿತೆ ಬರೆಯಲು ನೋಡಿದ. ಒಂದು ಸಾಲೂ ಹುಟ್ಟಲಿಲ್ಲ. ಮನೆ ಕಳೆದಿದ್ದರೆ ತಾನೇ!

"ಬರೆದದ್ದು ಸಾಕು, ಏಳೋ," ಅಜ್ಜಿ ಸ್ಟೂಲು ಎಳೆದು ತಂದಳು. "ನಡುಮನೆ ಫ್ಯಾನು ನಿಂತು ಎಷ್ಟು ಕಾಲ ಆಯ್ತು. ಮನೆ ಹುಡುಗ ಎಲೆಕ್ಟ್ರಿಷಿಯನ್ ಆಗಿರುವಾಗ ಹೊರಗಿನವರನ್ನ ಯಾಕೆ ಕರೀಲಿ ಅಂತ ಕಾದಿದ್ದೆ. ಆಮೇಲೆ ಅಡುಗೆಮನೆ ಸ್ವಿಚ್ಚು. ಮೋಟಾರೂ ಗೊರಗೊರ ಅಂತಿದೆ."

"ಕರೆಂಟಣ್ಣಾ, ಪ್ರೆಸ್ಸಿನವ್ರು ಬಂದಿದ್ದಾರೆ!" ಬೀದಿಯ ಆ ತುದಿಯಿಂದ ಪೇಂಟರ್ ಕೂಗಿದ. ಮತ್ತೆ ಕೂಗಿದ. ಕೊನೆಗೆ ಪ್ರೆಸ್ಸಿನವನ ಗಾಡಿ ಖಾಲಿಯಾಗಿಯೇ ಹೊರಟುಹೋದ ಸದ್ದು ಕೇಳಿಸಿತು.

ಸ್ಟೂಲಿನ ಮೇಲೆ ನಿಂತ ಕರೆಂಟಣ್ಣನ ಬಾಯಲ್ಲಿ ವೈರಿತ್ತು. ಉತ್ತರ ಕೊಡಲಾಗಲಿಲ್ಲ, ಕೊಡಬೇಕೆಂದೂ ಅನ್ನಿಸಲಿಲ್ಲ.