ಜೂಜಿನ ಕಚೇರಿಯ ಅಳಿಯ

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ನಾನು ನಿಜ ಹೇಳಿ ಸಿಕ್ಕಿಬೀಳುವವನು. ಅದೂ ಒಂದು ಸಲ ಆಗಿ ಮುಗಿಯುವ ಪೈಕಿಯಲ್ಲ, ಬಾಯಿ ಬಿಟ್ಟಾಗಲೆಲ್ಲ ಆಗುತ್ತದೆ.

ಜರ್ಮನಿಯವರು ಕಂಪ್ಯೂಟರ್ ಬಲ್ಲವರನ್ನು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳಲ್ಲಿ ನಾನು ಗದಗಿನಿಂದ ಅಲ್ಲಿಯ ಎಷ್‌ಬಾರ್ನ್ ಎಂಬ ಊರಿಗೆ ಹೋದೆ. ಮದುವೆಯಾಗಿ ಇಪ್ಪತ್ತೆರಡು ದಿನವಾಗಿತ್ತು. ಹೆಂಡತಿಯ ಮುಖ ಸರಿಯಾಗಿ ಮನಸ್ಸಿನಲ್ಲಿ ಕೂರುವ ಮೊದಲೇ ವಿಮಾನ ಹತ್ತಿದ್ದೆ. ಎಸ್-ಬಾನ್ ರೈಲಿನಲ್ಲಿ ಕೂತು ಅವಳ ಮೂಗುತಿ ಎಡಕ್ಕೋ ಬಲಕ್ಕೋ ಎಂದು ನೆನಪು ಮಾಡಿಕೊಳ್ಳುತ್ತ ನನ್ನ ಸ್ಟೇಷನ್ ದಾಟಿಹೋದದ್ದುಂಟು.

೧. ಮಾವನವರಿಗೆ ಹೇಳಿದ್ದು

ಅಲ್ಲಿ ಜೂಜು ಕಾನೂನುಬದ್ಧ. ಆದರೆ ಯಾವ ಬಾರಿನಲ್ಲಿ ಎಷ್ಟು ಜೂಜಿನ ಯಂತ್ರ ಇಡಬಹುದು, ಯಾರು ಆಡಬಹುದು, ಯಾರು ಆಡಕೂಡದು, ಎಲ್ಲಕ್ಕೂ ಲೈಸೆನ್ಸ್, ಎಲ್ಲಕ್ಕೂ ತಪಾಸಣೆ. ಇದನ್ನು ನೋಡಿಕೊಳ್ಳಲು ರಾಜ್ಯ ಸರ್ಕಾರದ್ದೊಂದು ಕಚೇರಿ. ಆ ಕಚೇರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತು, ನನ್ನನ್ನು ಅಲ್ಲಿಗೆ ಹಾಕಿದರು.

ಅಷ್ಟರಲ್ಲಿ ಹೆಂಡತಿಯ ವೀಸಾ ಬಂತು. ಮೂರು ತಿಂಗಳೊಳಗೆ ಬರಬೇಕು, ಇಲ್ಲದಿದ್ದರೆ ಮತ್ತೆ ಅರ್ಜಿ, ಮತ್ತೆ ಕಾಯುವುದು. ಇನ್ನೇನು, ತವರಿನವರು ಉಡಿ ತುಂಬಿ ಕಳಿಸುವುದೊಂದೇ ಬಾಕಿ ಎಂದು ನಾನು ಹೊಸ ಮಂಚಕ್ಕೂ ಹೇಳಿಬಂದೆ.

ಮಾವನವರು ನಿವೃತ್ತ ಹೆಡ್‌ಮಾಸ್ತರರು. ಅವರ ಅಣ್ಣ ಇಸ್ಪೀಟಿನಲ್ಲಿ ಹೊಲ ಮನೆ ಎಲ್ಲ ಕಳೆದವರಾದ್ದರಿಂದ ಆ ಮನೆಯಲ್ಲಿ ಹೆಣ್ಣುಮಕ್ಕಳು ಚೌಕಾಬಾರ ಆಡಿದರೂ ಬೈಗುಳ. ಅಂಥವರು ಫೋನಿನಲ್ಲಿ ನನ್ನ ಕೆಲಸ ಏನೆಂದು ಕೇಳಿದರು. ಬ್ಯಾಂಕಿನ ಕೆಲಸ ಎಂದಿದ್ದರೆ ಮುಗಿಯುತ್ತಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ, ಇಡೀ ಫೋನ್ ಕಾರ್ಡ್ ಖಾಲಿಯಾಗುವವರೆಗೆ ವಿವರಿಸಿದೆ. ಕೊನೆಗೆ ಅವರು ಫೋನನ್ನು ಮಗಳ ಕೈಗೆ ಕೊಡುತ್ತ ಹೇಳಿದ್ದು ನನಗೂ ಕೇಳಿಸಿತು: "ನಮ್ಮ ಅಣ್ಣ ಬರೇ ಆಡಾಂವ ಇದ್ದ. ಅಳಿಯಂದ್ರು ಆಡಸಾವ್ರು."

೨. ಕ್ರೋಶಾ ಬಟ್ಟೆ

ಕಚೇರಿಯ ತಪಾಸಣಾಧಿಕಾರಿ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಜೇಬಿನಲ್ಲಿ ಸದಾ ಅಳತೆ ಟೇಪು, ಮುಖದಲ್ಲಿ ನಗು ಅಪರೂಪ. ಕೆಲಸ ಕಣ್ಣಾರೆ ನೋಡಲಿ ಎಂದು ಒಂದು ದಿನ ನನ್ನನ್ನೂ ಕರೆದುಕೊಂಡು ಒಂದು ಬಾರಿಗೆ ಹೋದರು. ಅಲ್ಲಿ ಎರಡು ಯಂತ್ರಕ್ಕೆ ಅನುಮತಿ, ಗೋಡೆಗೆ ಇದ್ದದ್ದೂ ಎರಡೇ. ಅಧಿಕಾರಿ ಲೈಸೆನ್ಸ್ ನೋಡಿದರು, ಯಂತ್ರಗಳ ನಡುವಿನ ಅಂತರಕ್ಕೆ ಟೇಪು ಹಿಡಿದರು, ಎಲ್ಲ ಸರಿಯಿದೆ ಎಂದು ಸಹಿ ಹಾಕಲು ಪೆನ್ನು ತೆಗೆದರು.

ನನ್ನ ಕಣ್ಣು ಮಾತ್ರ ಮೂಲೆಯ ಮೇಲೆ. ಅಲ್ಲಿ ಎದೆಯೆತ್ತರದ ಏನೋ ಒಂದರ ಮೇಲೆ ಬಿಳಿ ಕ್ರೋಶಾ ಬಟ್ಟೆ ಹೊದಿಸಿ, ಮೇಲೊಂದು ಹೂವಿನ ಕುಂಡ ಇಟ್ಟಿದ್ದರು. ನಮ್ಮ ಕಡೆ ಟೀವಿಗೆ, ರೇಡಿಯೋಗೆ, ಮಿಕ್ಸಿಗೆ ಕೂಡ ಕ್ರೋಶಾ ಹೊದಿಸದಿದ್ದರೆ ಮನೆಗೆ ಕಳೆಯಿಲ್ಲ. ನನ್ನ ಹೆಂಡತಿ ಹೆಣಿಗೆಯಲ್ಲಿ ಎತ್ತಿದ ಕೈ. ಮದುವೆಯಾದ ಹತ್ತನೆಯ ದಿನ ನಮ್ಮ ಮನೆಯ ಟೀವಿಗೆ ಇಂಥದೇ ಒಂದು ಹೊದಿಸಿದ್ದಳು. ಪರದೇಶದ ಬಾರಿನಲ್ಲಿ ಅದೇ ನಕ್ಷೆ! ಎಷ್ಟು ಚಂದ ಇದೆ, ನನ್ನ ಹೆಂಡತಿಗೆ ಹೇಳಬೇಕು, ಗಂಟು ಹೇಗೆ ಹಾಕಿದ್ದಾರೋ ನೋಡೋಣ ಎನ್ನುತ್ತ ಹೋಗಿ ಅಂಚು ಎತ್ತಿದೆ.

ಒಳಗೆ ಮೂರನೆಯ ಯಂತ್ರ ಕೆಂಪು ಹಸಿರು ದೀಪ ಮಿನುಗಿಸುತ್ತ ಕೂತಿತ್ತು.

ಬಾರಿನವನ ಮುಖ ಹುಳ್ಳಗಾಯಿತು. ವಾಪಸು ಬರುವಾಗ ಅಧಿಕಾರಿ ನನ್ನ ಬೆನ್ನು ತಟ್ಟಿ, ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಇಂಥ ಚಾಣಾಕ್ಷ ತನಿಖೆ ನೋಡಿಲ್ಲ ಎಂದರು. ನಾನು ಹೆಂಡತಿಯ ನೆನಪಾಗಿ ಎತ್ತಿದೆ ಎಂದು ನಿಜ ಹೇಳಿದೆ. ಒಳ್ಳೆಯ ತನಿಖಾಧಿಕಾರಿ ತನ್ನ ವಿಧಾನ ಬಿಟ್ಟುಕೊಡುವುದಿಲ್ಲ ಎಂದು ಅವರು ಮತ್ತಷ್ಟು ಮೆಚ್ಚಿಕೊಂಡರು.

೩. ಹದಿಮೂರು ಚಕ್ಕುಲಿ

ದೀಪಾವಳಿಗೆ ಏನು ಮಾಡುತ್ತೀರಿ ಎಂದು ಅದೇ ಅಧಿಕಾರಿ ಕೇಳಿದರು. ದೀಪ ಹಚ್ಚುತ್ತೇವೆ, ತಿನ್ನುತ್ತೇವೆ, ಇಸ್ಪೀಟು ಆಡುತ್ತೇವೆ ಎಂದೆ. ಕೇಳಿದವರನ್ನು ಕರೆಯದಿರುವುದು ಹೇಗೆ? ಬನ್ನಿ ಎಂದೆ. ಅವರು ಬಂದೇಬಿಟ್ಟರು.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಉಡುಪಿಯ ಗೆಳೆಯ ಬಾಗಿಲು ತೆರೆದವನು ಅವರ ಕೆಲಸ ಏನೆಂದು ತಿಳಿದದ್ದೇ ಇಸ್ಪೀಟಿನ ಎಲೆಯನ್ನೆಲ್ಲ ಅಕ್ಕಿ ಡಬ್ಬಿಯೊಳಗೆ ತುರುಕಿದ. "ಎಂಥದು ಮಾರಾಯಾ, ಪೊಲೀಸನನ್ನು ಯಾರಾದ್ರೂ ಹಬ್ಬಕ್ಕೆ ಕರೀತಾರಾ?" ಎಂದು ನನ್ನ ಕಿವಿಯಲ್ಲಿ ಗೊಣಗಿದ. ಅಧಿಕಾರಿ ಅಕ್ಕಿ ಡಬ್ಬಿಯಿಂದ ಇಣುಕುತ್ತಿದ್ದ ರಾಣಿಯನ್ನು ನೋಡಿ, ಆಟದ ನಿಯಮ ಏನು ಎಂದು ಕೇಳಿದರು. ಅಂದರ್ ಬಾಹರ್, ಎಲೆ ಒಳಗೆ ಬಿದ್ದರೆ ಒಬ್ಬ ಗೆದ್ದ, ಹೊರಗೆ ಬಿದ್ದರೆ ಇನ್ನೊಬ್ಬ ಎಂದೆವು. ಇದರಲ್ಲಿ ಕೌಶಲ ಎಲ್ಲಿದೆ ಎಂದರು. ಇಲ್ಲ, ಬರೀ ನಸೀಬು ಎಂದೆ. ಗೆಳೆಯ ನನ್ನ ಕಾಲು ತುಳಿದ. ಕೌಶಲವಿಲ್ಲದ ಆಟ ಹಣಕ್ಕೆ ಆಡಬೇಕಾದರೆ ಅನುಮತಿ ಬೇಕು ಎಂದು ಅಧಿಕಾರಿ ಮೃದುವಾಗಿಯೇ ಹೇಳಿದರು. ಹಣ ಬೇಡ, ಚಕ್ಕುಲಿ ಪಣಕ್ಕಿಡೋಣ ಎಂದಾಯಿತು.

ಆ ಚಕ್ಕುಲಿ ಹೆಂಡತಿ ಕರಿದು, ಹುಬ್ಬಳ್ಳಿಯಿಂದ ಬರುವವರೊಬ್ಬರ ಕೈಯಲ್ಲಿ ಕಳಿಸಿದ್ದು. ದಿನಕ್ಕೊಂದರಂತೆ, ಅದೂ ಮುರಿದು ಮುರಿದು ತಿನ್ನುತ್ತಿದ್ದೆ. ಉಳಿದಿದ್ದವು ಹದಿಮೂರು. ಅಧಿಕಾರಿ ಜೀವನದಲ್ಲಿ ಮೊದಲ ಸಲ ಜೂಜಾಡಿ ಹದಿಮೂರನ್ನೂ ಗೆದ್ದರು. ಒಂದನ್ನು ಅಲ್ಲೇ ಕಟುಂ ಎನಿಸಿದಾಗ ನನ್ನ ಎದೆಯಲ್ಲೂ ಅದೇ ಸದ್ದಾಯಿತು.

ಆಮೇಲೆ ಅವರಿಗೆ ಜ್ಞಾನೋದಯವಾಯಿತು. ಉಡುಗೊರೆ ಎಂದರೆ ಸರ್ಕಾರಿ ನೌಕರ ತೆಗೆದುಕೊಳ್ಳುವಂತಿಲ್ಲ. ಜೂಜಿನ ಗೆಲುವು ಎಂದರೆ ಈ ಮನೆಗೆ ಲೈಸೆನ್ಸ್ ಇಲ್ಲ. ಹನ್ನೆರಡನ್ನು ಮರಳಿಸಿದರು. ತಿಂದ ಒಂದರ ಬಾಬ್ತು, ಸೋಮವಾರ ನನ್ನ ಮೇಜಿನ ಮೇಲೆ ಬ್ರೆಟ್ಸೆಲ್ ಎಂಬ ಸುತ್ತಿದ ಬ್ರೆಡ್ಡೊಂದನ್ನು ಇಟ್ಟು, ಆಕಾರದಲ್ಲಿ ಇದಕ್ಕಿಂತ ಹತ್ತಿರದ್ದು ನಮ್ಮ ದೇಶದಲ್ಲಿ ಸಿಗುವುದಿಲ್ಲ ಎಂದು ಕ್ಷಮೆ ಕೇಳಿದರು.

೪. ನಡತೆ ಪ್ರಮಾಣಪತ್ರ

ವೀಸಾದ ಅವಧಿ ಮುಗಿಯಲು ಹದಿನೆಂಟು ದಿನ ಉಳಿಯಿತು. ಮಾವನವರು ಮೊದಲು ಪಿತೃಪಕ್ಷ ಎಂದು ನೆಪ ಹೇಳುತ್ತಿದ್ದರು, ಈಗ ನೆಪವನ್ನೂ ಬಿಟ್ಟು ನೇರ ವಿಷಯಕ್ಕೆ ಬಂದರು. ಮೂವತ್ತು ವರ್ಷ ಊರಿನ ಹುಡುಗರಿಗೆಲ್ಲ ನಡತೆ ಪ್ರಮಾಣಪತ್ರ ಬರೆದುಕೊಟ್ಟ ಕೈ ಅವರದು. "ಬಾಯಿ ಮಾತು ಬ್ಯಾಡ್ರಿ. ನೀವು ಆಡೂದಿಲ್ಲ ಅಂತ ನಿಮ್ಮ ಆಫೀಸಿನಿಂದ ಶಿಕ್ಕಾ ಹೊಡಸಿದ ಕಾಗದಾ ಕಳಸ್ರಿ. ಮಗಳನ್ನ ಕಳಸ್ತೀನಿ," ಎಂದರು.

ಹೊಸ ಮಂಚ ಬಂದು ಮೂರು ವಾರವಾಗಿತ್ತು. ನಾನು ಇನ್ನೂ ನೆಲದ ಮೇಲೇ ಮಲಗುತ್ತಿದ್ದೆ, ಅವಳು ಬರುವ ಮೊದಲು ಅದರ ಮೇಲೆ ಮಲಗಲು ಮನಸ್ಸಾಗಲಿಲ್ಲ. ಅಧಿಕಾರಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಒಬ್ಬ ಮನುಷ್ಯ ಒಳ್ಳೆಯವನು ಎಂದು ಬರೆದುಕೊಡಲು ಈ ಕಚೇರಿಗೆ ಅಧಿಕಾರವಿಲ್ಲ, ಕಡತದಲ್ಲಿ ಇದ್ದದ್ದನ್ನು ಮಾತ್ರ ಬರೆಯಬಹುದು ಎಂದರು. ಕಡತದಲ್ಲಿ ಏನಿದೆ ಎಂದೆ. ಈ ಕಚೇರಿಗೆ ಕೆಲಸ ಮಾಡುವವರು ಯಾರೂ ಆಡಕೂಡದೆಂಬ ನಿಯಮವಿದೆ, ಬೇಕಾದರೆ ಅದನ್ನು ಬರೆಯುತ್ತೇನೆ ಎಂದರು. ಇದಕ್ಕಿಂತ ಗಟ್ಟಿ ಮಾತು ಬೇಕೇ? ಅವರೇ ಟೈಪಿಸಿದರು, ಎರಡು ಶಿಕ್ಕಾ ಹೊಡೆದರು, ಇಂಗ್ಲಿಷಿಗೆ ಅನುವಾದ ಮಾಡಿಸಿ ಅದಕ್ಕೂ ಒಂದು ಹೊಡೆಸಿದರು. ಕೊರಿಯರಿನಲ್ಲಿ ಕಳಿಸಿದೆ.

ಆರನೆಯ ದಿನ ಫೋನ್ ಮಾಡಿದೆ. ಹೆಂಡತಿ ತೆಗೆದುಕೊಂಡಳು.

"ಕಾಗದಾ ಬಂತ್ರಿ. ಅಪ್ಪಾರು ಮೂರು ಸಲ ಓದಿದ್ರು."

"ಏನಂದ್ರು?"

"'ಈ ವ್ಯಕ್ತಿ ರಾಜ್ಯದೊಳಗ ಎಲ್ಲೂ ಜೂಜಾಡಬಾರದು ಅಂತ ನಿಷೇಧ ಅದ' ಅಂತ ಬರದಾರಲ್ರಿ, ಅದನ್ನ ಓದಿ ತಲಿ ಮ್ಯಾಲೆ ಕೈ ಹೊತ್ತು ಕೂತ್ರು. ಸರಕಾರ ಹೆಸರು ಹಿಡದು, ಮೂರು ಶಿಕ್ಕಾ ಹೊಡದು ಬ್ಯಾಡ ಅಂದದ ಅಂದ್ರ, ಈ ಮನುಷ್ಯಾ ಎಷ್ಟು ಆಡಿರಬೇಕು ಅಂದ್ರು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಟೆಲಿಫೋನ್ ಪೆಟ್ಟಿಗೆಯ ಗಾಜಿಗೆ ಹಣೆ ಒತ್ತಿ ನಿಂತೆ. ಮತ್ತೆ ಅರ್ಜಿ ಹಾಕೋಣ ಬಿಡು, ಎಷ್ಟು ತಿಂಗಳಾದರೂ ಕಾಯುತ್ತೇನೆ ಎಂದೆ.

"ತಡೀರಿ, ಪೂರ್ತಾ ಕೇಳ್ರಿ. ಶುಕ್ರವಾರ ಉಡಿ ತುಂಬತಾರ. ರವಿವಾರದ ವಿಮಾನಕ್ಕ ಟಿಕೆಟ್ ತಗೀಸ್ಯಾರ."

ನನಗೆ ತಿಳಿಯಲಿಲ್ಲ.

"ಸರಕಾರದ ಕೈಲೆ ಆಗಲಿಲ್ಲ ಅಂದ್ರ ಇನ್ಯಾರ ಕೈಲೆ ಆಗತದ, ನೀನ ಹೋಗಿ ಅವರ ಮ್ಯಾಲೆ ಕಣ್ಣಿಡು, ತಡಾ ಮಾಡಬ್ಯಾಡ ಅಂದ್ರು."

"ನಾ ರೊಕ್ಕಾ ಹಚ್ಚಿ ಒಂದು ಎಲೀನೂ ಹಿಡಿಯೂದಿಲ್ಲ ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತದ್ರಿ."

"ಮತ್ತ ಅಪ್ಪಾರಿಗೆ ಹೇಳಬೇಕಿಲ್ಲ?"

ಆ ಕಡೆ ಬಳೆ ಸದ್ದಾಯಿತು, ಫೋನಿಗೆ ಕೈ ಅಡ್ಡ ಹಿಡಿದಿರಬೇಕು.

"ಹೇಳಿದ್ರ ಕಳಸ್ತಿದ್ರೇನ್ರಿ?" ಎಂದಳು.